ಸೌತೆಕಾಯಿ ತಪ್ಪಿತಸ್ಥ ಅಲ್ಲ!



ಬ್ಯಾಕ್ಟೀರಿಯಾ ಅಂದ ಕೂಡಲೇ ನಾವು ‘ರೋಗ’ ಅಂತೀವಿ. ಆದರೆ ನನ್ನ ಕರುಳಿನಲ್ಲಿ, ನಿಮ್ಮ ಕರುಳಿನಲ್ಲಿ, ಕೊಟ್ಟಿಗೆಯ ಹಸುವಿನ ಕರುಳಿನಲ್ಲಿ ಈಗಲೂ ಇ. ಕೊಲೈ ಎಂಬ ಬ್ಯಾಕ್ಟೀರಿಯಾ ಇದೆ. 1885ರಲ್ಲಿ ಇದನ್ನು ಕಂಡುಹಿಡಿದವರು ಥಿಯೋಡರ್ ಎಶೆರಿಚ್ ಎಂಬ ವೈದ್ಯರು. ಇದರಲ್ಲಿ ಬಹಳ ತಳಿಗಳಿವೆ. ಹೆಚ್ಚಿನವು ಸಾಧು. ಕೆಲವು ಮಾತ್ರ ಪ್ರಾಣ ತೆಗೆಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಎಲ್ಲವೂ ಸಣ್ಣ ಕಡ್ಡಿಯ ಹಾಗೆ ಒಂದೇ ಥರ ಕಾಣ್ತವೆ. ಹಾಗಾದರೆ ಕೆಟ್ಟದ್ದು ಯಾವುದು ಅಂತ ಗೊತ್ತಾಗೋದು ಹೇಗೆ?

ಎರಡು ಕುರಿಮಂದೆ ಬೆರೆತುಹೋದರೆ ಕುರಿ ಕಾಯುವವರು ಮೈಮೇಲಿನ ಬಣ್ಣದ ಗುರುತು ನೋಡಿ ಬೇರೆ ಮಾಡುತ್ತಾರೆ. ವಿಜ್ಞಾನಿಗಳು ಬ್ಯಾಕ್ಟೀರಿಯಾದ ಡಿ.ಎನ್.ಎ.ಯಲ್ಲಿ ಗುರುತು ಹುಡುಕುತ್ತಾರೆ. ಉದಾಹರಣೆಗೆ, ‘ಶಿಗಾ’ ಎಂಬ ವಿಷ ತಯಾರಿಸುವ ಜೀನ್ ಇದ್ದರೆ ಆ ತಳಿ ಅಪಾಯದ್ದು.

ಇದಕ್ಕೆ ಪಿ.ಸಿ.ಆರ್. ಎಂಬ ವಿಧಾನವಿದೆ. ಅದಕ್ಕಾಗಿ ಕ್ಯಾರಿ ಮುಲ್ಲಿಸ್ ಅವರಿಗೆ 1993ರಲ್ಲಿ ನೊಬೆಲ್ ಬಂತು. ಬೇಕಾದ ಜೀನಿಗೆ ಮಾತ್ರ ಅಂಟುವ ಡಿ.ಎನ್.ಎ. ತುಣುಕುಗಳನ್ನು ಹಾಕಿ, ಬಿಸಿ ಮಾಡಿ, ತಣಿಸುತ್ತಾರೆ. ಪ್ರತಿ ಸುತ್ತಿಗೂ ಆ ಜೀನಿನ ಪ್ರತಿಗಳು ಎರಡರಷ್ಟಾಗುತ್ತವೆ: 1, 2, 4, 8... ಲೆಕ್ಕದ ಪ್ರಕಾರ 30 ಸುತ್ತಿಗೆ 100 ಕೋಟಿ ದಾಟುತ್ತದೆ! ಆ ಜೀನ್ ಇಲ್ಲದಿದ್ದರೆ ಏನೂ ಹೆಚ್ಚೋದಿಲ್ಲ.

ಇದರಿಂದ ಏನು ಉಪಯೋಗ ಅಂತೀರಾ? 2011ರ ಮೇ ತಿಂಗಳಲ್ಲಿ ಜರ್ಮನಿಯಲ್ಲಿ ರಕ್ತಭೇದಿ ಹಬ್ಬಿತು. 3,800ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. 850ಕ್ಕೂ ಹೆಚ್ಚು ಜನರ ಮೂತ್ರಪಿಂಡಕ್ಕೆ ಪೆಟ್ಟಾಯಿತು. 50ಕ್ಕೂ ಹೆಚ್ಚು ಜನ ಸತ್ತರು. ಸ್ಪೇನ್ ದೇಶದ ಸೌತೆಕಾಯಿಯ ಮೇಲೆ ವಿಷ ಮಾಡುವ ಇ. ಕೊಲೈ ಸಿಕ್ಕಿತು. ತಕ್ಷಣ ‘ಸೌತೆಕಾಯಿಯೇ ಕಾರಣ’ ಎಂದುಬಿಟ್ಟರು. ಕೊಳ್ಳುವವರಿಲ್ಲದೆ ರೈತರು ಬೆಳೆದದ್ದನ್ನು ಚೆಲ್ಲಬೇಕಾಯಿತು.

ಕೆಲವೇ ದಿನಗಳಲ್ಲಿ ರೋಗಿಗಳಲ್ಲಿದ್ದ ಬ್ಯಾಕ್ಟೀರಿಯಾದ ಗುರುತುಗಳನ್ನು ಇದರ ಗುರುತುಗಳ ಜೊತೆ ಹೋಲಿಸಿದರು. ತಾಳೆಯಾಗಲಿಲ್ಲ! ರೋಗಿಗಳಲ್ಲಿದ್ದದ್ದು ಓ104:ಎಚ್4 ಎಂಬ ತಳಿ. ಸೌತೆಕಾಯಿಯದ್ದು ಬೇರೆಯದೇ ತಳಿ. ಅಂದರೆ ವಿಷದ ಗುರುತು ಒಂದೇ ಸಾಲದು, ಬೇರೆ ಗುರುತುಗಳೂ ಹೊಂದಬೇಕು.

ಆಮೇಲೆ ರೋಗಿಗಳು ಎಲ್ಲೆಲ್ಲಿ ಏನೇನು ತಿಂದರು ಎಂದು ವಿಚಾರಿಸುತ್ತಾ ಹೋದಾಗ ಹಸಿ ಮೊಳಕೆಕಾಳಿನ ಸುಳಿವು ಸಿಕ್ಕಿತು. ಜೂನ್‌ನಲ್ಲಿ ಫ್ರಾನ್ಸಿನಲ್ಲೂ ಮೊಳಕೆ ತಿಂದವರಿಗೆ ಅದೇ ತಳಿಯ ರೋಗ ಬಂತು. ಎರಡೂ ಕಡೆಗೆ ಹೊಂದುವ ವಸ್ತು ಈಜಿಪ್ಟಿನಿಂದ ಬಂದ ಮೆಂತ್ಯದ ಬೀಜ ಎಂದು ತನಿಖೆ ಹೇಳಿತು. ನಮ್ಮ ಅಡುಗೆಮನೆಯಲ್ಲಿರೋ ಅದೇ ಮೆಂತ್ಯ! ಹಾಗಂತ ಮೆಂತ್ಯಕ್ಕೆ ಹೆದರಬೇಡಿ. ತಪ್ಪು ಮೆಂತ್ಯದ್ದಲ್ಲ, ಅದಕ್ಕೆ ಅಂಟಿದ ಕೊಳಕಿನದು. ಚೆನ್ನಾಗಿ ಬೇಯಿಸಿದರೆ ಇ. ಕೊಲೈ ಸಾಯುತ್ತದೆ.

ನನಗೆ ಇದರಲ್ಲಿ ಬಹಳ ಹಿಡಿಸಿದ್ದು ಒಂದೇ ಮಾತು: ಹೆಸರು ಒಂದೇ ಆದ ಮಾತ್ರಕ್ಕೆ ಅಪರಾಧಿ ಅಲ್ಲ. ಗುರುತು ತಾಳೆಯಾಗದೆ ಯಾರ ಮೇಲೂ ದೂರು ಹೊರಿಸಬಾರದು. ಕಳ್ಳ ಯಾರೆಂದು ತಪ್ಪು ತಿಳಿದರೆ ಬಡ ರೈತನಿಗೂ ನಷ್ಟ, ನಿಜವಾದ ಕಳ್ಳನೂ ಊರಲ್ಲೇ ಓಡಾಡ್ತಾನೆ.

ಶೌಚಕ್ಕೆ ಹೋಗಿ ಬಂದ ಮೇಲೆ, ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯೋಣ. ಅದಕ್ಕೆ ಪಿ.ಸಿ.ಆರ್. ಯಂತ್ರ ಬೇಕಿಲ್ಲ!