ಬಳ್ಳಾರಿಯ ರಾಘವರೂ ಹಳ್ಳಿಯ ಮಾಸ್ತರರೂ

ನಟನೆಯನ್ನು ವೃತ್ತಿಯಾಗಿ ಕಲಿಯದ ಸಾಮಾನ್ಯ ಜನರನ್ನು ಆಯ್ದು ತಂದು, ಅವರ ನಡೆನುಡಿ, ಮುನಿಸು, ಕಣ್ಣೀರುಗಳನ್ನೇ ಪ್ರದರ್ಶನದ ದ್ರವ್ಯವನ್ನಾಗಿಸಿ, ತಾನು ಮಾತ್ರ ತೆರೆಯ ಹಿಂದೆ ಉಳಿದುಬಿಡುವ ಕಸುಬೊಂದು ನಮ್ಮ ಕಾಲದಲ್ಲಿ ಮಹೋದ್ಯಮವಾಗಿ ಬೆಳೆದಿದೆ, ಟಿ.ವಿ.ಯ ರಿಯಾಲಿಟಿ ಷೋ ನಿರ್ಮಾಪಕನ ಕಸುಬು ಅದು. 1999ರಲ್ಲಿ ಹಾಲೆಂಡಿನಲ್ಲಿ ಹುಟ್ಟಿದ ‘ಬಿಗ್ ಬ್ರದರ್’ 2003ರಲ್ಲಿ ಆಫ್ರಿಕಾ ಖಂಡವನ್ನು ಮುಟ್ಟಿದಾಗ, ಹನ್ನೆರಡು ದೇಶಗಳಿಂದ ಬಂದ ಹನ್ನೆರಡು ಮಂದಿ ಒಂದೇ ಸೂರಿನಡಿ ಬಾಳುವುದನ್ನು ಖಂಡಕ್ಕೆ ಖಂಡವೇ ಕುಳಿತು ನೋಡಿತು. ಗೆದ್ದವರು ಜಾಂಬಿಯಾ ದೇಶದ ಷೆರೀಸ್ ಮಕುಬಾಲೆ. ಅದೇ ಆಟವು ‘ಬಿಗ್ ಬಾಸ್’ ಆಗಿ 2013ರಲ್ಲಿ ಕನ್ನಡಕ್ಕೆ ಬಂದಾಗ ನಿರೂಪಿಸಿದವರು ಸುದೀಪ್, ಗೆದ್ದವರು ವಿಜಯ್ ರಾಘವೇಂದ್ರ ಎಂಬುದು ಮನೆಮನೆಗೂ ಗೊತ್ತು. ಆದರೆ ಯಾರನ್ನು ಕರೆಯಬೇಕು, ಯಾರ ಎದುರಿಗೆ ಯಾರನ್ನು ನಿಲ್ಲಿಸಬೇಕು ಎಂದು ಗೊತ್ತುಮಾಡಿದವರ ಹೆಸರನ್ನು ನೋಡುಗರು ಕೇಳುವುದೂ ಇಲ್ಲ. ಬಳ್ಳಾರಿ ಸೀಮೆಯವರಿಗೆ ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ವಕೀಲರನ್ನೂ ರೈತರನ್ನೂ ರಂಗಕ್ಕೆ ಹತ್ತಿಸುವ ವಿದ್ಯೆ ಈ ನೆಲದಲ್ಲಿ ನೂರು ವರ್ಷಕ್ಕೂ ಹಳೆಯದು.

ಆ ವಿದ್ಯೆಯ ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ಹೇಳಬಹುದು. ಬಳ್ಳಾರಿಯು ಮದರಾಸು ಪ್ರಾಂತದ ಒಂದು ಜಿಲ್ಲೆಯಾಗಿದ್ದು, ಕಚೇರಿಗಳಲ್ಲಿ ಇಂಗ್ಲಿಷು, ಅಂಗಡಿಬೀದಿಯಲ್ಲಿ ಕನ್ನಡ ತೆಲುಗುಗಳೆರಡೂ ಸಲೀಸಾಗಿ ನಡೆಯುತ್ತಿದ್ದ ಕಾಲದಲ್ಲಿ, ಧರ್ಮವರಂ ರಾಮಕೃಷ್ಣಮಾಚಾರ್ಯರು ಸರಸ ವಿನೋದಿನೀ ಸಭೆಯನ್ನೂ, ಕೋಲಾಚಲಂ ಶ್ರೀನಿವಾಸರಾಯರು ಸುಮನೋರಮಾ ಸಭೆಯನ್ನೂ ನಡೆಸಿದರು. ಇಬ್ಬರೂ ವಕೀಲರು, ಇಬ್ಬರೂ ನಾಟಕಕಾರರು, ಮತ್ತು ಸಹಜವಾಗಿಯೇ ಇಬ್ಬರಿಗೂ ಪರಸ್ಪರ ಸ್ಪರ್ಧೆ. ಮೊದಲನೆಯವರು ಪೌರಾಣಿಕ ಕಥೆಗಳತ್ತ ಒಲಿದರೆ ಎರಡನೆಯವರು ಇತಿಹಾಸವನ್ನು, ಅದರಲ್ಲಿಯೂ ನೆರೆಯ ಹಂಪೆಯ ಪತನದ ಕಥೆಯನ್ನು, ರಂಗಕ್ಕೆ ತಂದರು. ಟಿಕೆಟಿನ ಹಣದಿಂದ ಹೊಟ್ಟೆ ಹೊರೆಯುವ ಕಂಪನಿಗಳು ಇವಲ್ಲ. ಹಗಲು ನ್ಯಾಯಾಲಯದಲ್ಲಿ ವಾದಿಸಿದವರು ಇರುಳು ಬಣ್ಣ ಹಚ್ಚುತ್ತಿದ್ದ ವಿಲಾಸಿ ಸಭೆಗಳು.

ಈ ಲೇಖನಕ್ಕೆ ನಿಜವಾದ ಪ್ರೇರಣೆಯಾದವರು, ಆ ಧರ್ಮವರಂ ಅವರ ಸೋದರಳಿಯ, ಲೋಕವೆಲ್ಲ ಬಳ್ಳಾರಿ ರಾಘವ ಎಂದು ಕರೆದ ತಾಡಿಪತ್ರಿ ರಾಘವಾಚಾರ್ಯರು. 1880ರ ಆಗಸ್ಟ್ 2ರಂದು ತಾಡಿಪತ್ರಿಯಲ್ಲಿ ಹುಟ್ಟಿ, ಮದರಾಸಿನಲ್ಲಿ ಕಾನೂನನ್ನು ಓದಿ, ಬಳ್ಳಾರಿಯಲ್ಲಿ ಕ್ರಿಮಿನಲ್ ವಕೀಲರಾಗಿ ಹೆಸರನ್ನೂ ಹಣವನ್ನೂ ಗಳಿಸಿ, ಸರಕಾರಿ ವಕೀಲರೂ ಆಗಿದ್ದ ಈ ಮಹನೀಯರು, ಗಳಿಸಿದುದರ ಬಹುಭಾಗವನ್ನು ರಂಗಭೂಮಿಗೆ ಸುರಿದರೆಂಬುದೂ, ನಾಟಕದಿಂದ ಬಂದ ಹಣವನ್ನು ಸಾರ್ವಜನಿಕ ಕಾರ್ಯಗಳಿಗೆ ಕೊಟ್ಟುಬಿಡುತ್ತಿದ್ದರೆಂಬುದೂ ಇಲ್ಲಿಯ ಹಿರಿಯರ ಬಾಯಲ್ಲಿ ಇಂದಿಗೂ ಉಳಿದಿರುವ ಮಾತು. ತೆಲುಗು, ಕನ್ನಡ, ಇಂಗ್ಲಿಷ್, ಹಿಂದಿಗಳಲ್ಲಿ ಅವರು ಅಭಿನಯಿಸಿದರು. ಮಾವನ ಸಭೆಯಲ್ಲಿ ಬೆಳೆದವರು ಪ್ರತಿಸ್ಪರ್ಧಿಯಾದ ಕೋಲಾಚಲಂ ಅವರ ವಿಜಯನಗರದ ನಾಟಕದಲ್ಲಿ ಪಠಾಣ ರುಸ್ತುಮನ ಪಾತ್ರವನ್ನು ವಹಿಸಿ ಅದನ್ನೇ ತಮ್ಮ ಖ್ಯಾತಿಯ ಶಿಖರಗಳಲ್ಲೊಂದನ್ನಾಗಿ ಮಾಡಿಕೊಂಡುದು, ಆ ಕಾಲದ ಕಲಹಗಳಲ್ಲಿಯೂ ಎಂತಹ ಔದಾರ್ಯವಿದ್ದಿತೆಂಬುದಕ್ಕೆ ಸಾಕ್ಷಿ. ಬೆಂಗಳೂರಿನಲ್ಲಿ 1909ರಲ್ಲಿ ಹುಟ್ಟಿದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ನಿನ ರಂಗದ ಮೇಲೂ ಅವರು ಕಾಣಿಸಿಕೊಂಡರು. ಷೈಲಾಕ್, ಒಥೆಲೋ ಮುಂತಾದ ಷೇಕ್ಸ್‌ಪಿಯರನ ಪಾತ್ರಗಳನ್ನೂ ಆಡಿದರು.

ಆದರೆ ನಟರಾದ ರಾಘವರಿಗಿಂತ ನಾಟಕವನ್ನು ಕಟ್ಟಿದ ರಾಘವರೇ ನನಗೆ ಹೆಚ್ಚು ಕುತೂಹಲವನ್ನು ಹುಟ್ಟಿಸುತ್ತಾರೆ. ಸಾಯಲಿರುವ ಪಾತ್ರವೂ ಹಾರ್ಮೋನಿಯಮ್ಮಿನ ಶ್ರುತಿಗೆ ಕಂಠವನ್ನು ಕೂಡಿಸಿ ಪದ್ಯವನ್ನು ಆಲಾಪಿಸಿ, ಸಭೆಯಿಂದ ‘ಒನ್ಸ್ ಮೋರ್’ ಬಂದರೆ ಎದ್ದು ಮತ್ತೆ ಹಾಡಿ ಮತ್ತೆ ಸಾಯುತ್ತಿದ್ದ ದಿನಗಳಲ್ಲಿ, ಮನುಷ್ಯನು ದುಃಖದಲ್ಲಿ ಹಾಡುವುದಿಲ್ಲ, ಮೌನವಾಗುತ್ತಾನೆ ಎಂಬ ಸರಳ ಸತ್ಯವನ್ನು ಹಿಡಿದು, ಅವರು ಪದ್ಯಗಳನ್ನು ಕತ್ತರಿಸಿದರು. ಕಣ್ಣಿಗೂ ಉಸಿರಿಗೂ ನಿಲುವಿಗೂ ಕೆಲಸ ಕೊಟ್ಟರು. ಸ್ತ್ರೀಪಾತ್ರವನ್ನು ಸ್ತ್ರೀಯರೇ ವಹಿಸತಕ್ಕದ್ದೆಂದು ಹಟಹಿಡಿದು, ಕೊಮ್ಮೂರಿ ಪದ್ಮಾವತೀದೇವಿಯಂತಹ ಗೃಹಸ್ಥ ಮನೆತನದ ವಿದ್ಯಾವತಿಯರನ್ನು ರಂಗಕ್ಕೆ ಕರೆತಂದರು. ಆ ದಿನಗಳಲ್ಲಿ ಹಾಗೆ ಕರೆಯುವುದಕ್ಕೂ ಧೈರ್ಯ ಬೇಕಾಗಿತ್ತು, ಬರುವುದಕ್ಕೆ ಅದರ ಇಮ್ಮಡಿ ಧೈರ್ಯ ಬೇಕಾಗಿತ್ತು. ಮುಂದೆ ಮದರಾಸಿನ ಮುಖ್ಯ ನ್ಯಾಯಾಧೀಶರೂ, ಸಂಗೀತ ನಾಟಕ ಅಕಾಡೆಮಿಯ ಮೊದಲ ಅಧ್ಯಕ್ಷರೂ ಆದ ಪಿ. ವಿ. ರಾಜಮನ್ನಾರರು ಬರೆದ ‘ತಪ್ಪೆವರಿದಿ’ ಎಂಬ ಸಾಮಾಜಿಕ ನಾಟಕವನ್ನು ರಾಘವರು ಆಡಿದರು. ಕಿರೀಟವಿಲ್ಲ, ಗದೆಯಿಲ್ಲ, ಒಂದು ಸಂಸಾರದ ಒಡಕು, ಅಷ್ಟೇ. ನಿಜಜೀವನವನ್ನು ಜನರ ಮುಂದಿಡುವುದೆಂದರೆ ಇದು, ಬೀಗ ಹಾಕಿದ ಮನೆಯಲ್ಲಿ ಜಗಳ ಹಚ್ಚಿ ನೋಡುವುದಲ್ಲ ಎಂದು ಇಂದಿನ ನಿರ್ಮಾಪಕರಿಗೆ ಯಾರಾದರೂ ಹೇಳಬಾರದೆ!

1927ರಲ್ಲಿ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆಯುತ್ತಿದ್ದ ಗಾಂಧೀಜಿಯವರ ಎದುರಿಗೆ ರಾಘವರು ‘ದೀನಬಂಧು ಕಬೀರ್’ ನಾಟಕವನ್ನು ಹಿಂದಿಯಲ್ಲಿ ಆಡಿದ ಸಂಗತಿಯನ್ನು ಬಳ್ಳಾರಿಯ ಹಿರಿಯರು ಹೇಳದೆ ಬಿಡುವುದಿಲ್ಲ. ಕೆಲಹೊತ್ತು ನೋಡಿ ಏಳಬೇಕೆಂದಿದ್ದ ಮಹಾತ್ಮರು ಪ್ರಾರ್ಥನೆಯ ವೇಳೆಯನ್ನೂ ಮರೆತು ಕುಳಿತರೆಂಬುದು ಆ ಕಥೆಯ ತಿರುಳು. ಅನಂತರ ರಾಘವರು ಯೂರೋಪಿಗೆ ಹೋಗಿ ಅಲ್ಲಿಯ ರಂಗಭೂಮಿಯನ್ನು ಕಂಡು ಬಂದರು. ಸಿನೆಮಾ ಮಾತ್ರ ಅವರಿಗೆ ಅಷ್ಟಾಗಿ ಒಗ್ಗಲಿಲ್ಲವೆಂದು ತೋರುತ್ತದೆ. 1936ರ ‘ದ್ರೌಪದೀ ಮಾನಸಂರಕ್ಷಣಂ’ ಚಿತ್ರದಲ್ಲಿ ದುರ್ಯೋಧನನಾದರು, ಚಿತ್ರ ಸೋತಿತು. ಗೂಡವಲ್ಲಿ ರಾಮಬ್ರಹ್ಮಂ ಅವರ 1939ರ ‘ರೈತುಬಿಡ್ಡ’ದಲ್ಲಿ ಜಮೀನ್ದಾರಿಕೆಯ ತುಳಿತಕ್ಕೆ ಸಿಕ್ಕಿದ ರೈತನಾದರು, ಜಮೀನ್ದಾರರು ಸಿಟ್ಟಾದರು. 1946ರ ಏಪ್ರಿಲ್ 16ರಂದು ಅವರು ತೀರಿಕೊಂಡಾಗ ಬಳ್ಳಾರಿಯು ಇನ್ನೂ ಮದರಾಸಿನಲ್ಲಿಯೇ ಇತ್ತು. 1953ರಲ್ಲಿ ಅದು ಮೈಸೂರಿಗೆ ಸೇರಿದ ಮೇಲೆ ತೆಲುಗರು ತಮ್ಮವರೆಂದೂ ಕನ್ನಡಿಗರು ತಮ್ಮವರೆಂದೂ ಅವರನ್ನು ಹಂಚಿಕೊಳ್ಳತೊಡಗಿದರು. ನಗರದ ರಾಘವ ಕಲಾಮಂದಿರವು ಅವರ ಹೆಸರನ್ನು ಹೊತ್ತು ನಿಂತಿದೆ. ಅವರ ಪ್ರಭಾವವಲಯದಲ್ಲಿ ಬೆಳೆದ ಜೋಳದರಾಶಿ ದೊಡ್ಡನಗೌಡರು ನಾಟಕವನ್ನೂ ಗಮಕವನ್ನೂ ಕನ್ನಡದಲ್ಲಿ ಮುಂದುವರಿಸಿದರು.

ನಗರದ ಈ ಕಥೆಗೆ ಗ್ರಂಥಗಳುಂಟು, ಅಂಚೆಚೀಟಿಯೂ ಉಂಟು. ಸಿರುಗುಪ್ಪ, ಕುರುಗೋಡು ಸೀಮೆಯ ಹಳ್ಳಿಗಳ ಕಥೆಗೆ ಅದಾವುದೂ ಇಲ್ಲ. ತುಂಗಭದ್ರೆಯ ಕಾಲುವೆಯ ನೀರುಂಡ ಭತ್ತದ ಗದ್ದೆಗಳ ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ, ಊರ ಜಾತ್ರೆಗೊಂದು ನಾಟಕವಾಗಬೇಕೆಂಬ ಮಾತು ಗುಡಿಯ ಕಟ್ಟೆಯ ಮೇಲೆ ಹುಟ್ಟುತ್ತದೆ. ಆಗ ಬರುವವರೇ ನಾಟಕ ಕಲಿಸುವ ಮಾಸ್ತರು. ಒಂದು ಹಾರ್ಮೋನಿಯಮ್ಮು, ಕೈಬರಹದ ಕೆಲವು ನೋಟುಬುಕ್ಕು, ತಿಂಗಳುಗಟ್ಟಲೆ ಊರವರ ಮನೆಯಲ್ಲೇ ಊಟ. ಟ್ರ್ಯಾಕ್ಟರು ಓಡಿಸುವವನಲ್ಲಿ ದುರ್ಯೋಧನನನ್ನೂ, ಕಿರಾಣಿ ಅಂಗಡಿಯವನಲ್ಲಿ ಶಕುನಿಯನ್ನೂ ಗುರುತಿಸುವ ಕಣ್ಣು. ಓದು ಬಾರದವನಿಗೆ ಮಾತನ್ನು ಬಾಯಿಪಾಠ ಮಾಡಿಸಬೇಕು. ಗೌಡರ ಮಗನಿಗೆ ದೊಡ್ಡ ಪಾತ್ರ ಬೇಕು, ಆದರೆ ದನಿಯಿಲ್ಲ. ದನಿಯಿದ್ದವನ ಬಳಿ ಪಾತ್ರಕ್ಕೆ ಕಟ್ಟಬೇಕಾದ ಹಣವಿಲ್ಲ. ಹೊಲದ ಕೆಲಸ ಮುಗಿಸಿ ಉಂಡು ಬಂದವರಿಗೆ ನಡುರಾತ್ರಿಯವರೆಗೆ ತಾಲೀಮು. ಹಳೆಯ ಮನಸ್ತಾಪವಿರುವ ಎರಡು ಮನೆಗಳವರನ್ನು ಭೀಮ ದುಶ್ಶಾಸನರನ್ನಾಗಿ ನಿಲ್ಲಿಸುವುದೋ ಬೇಡವೋ ಎಂಬ ಧರ್ಮಸೂಕ್ಷ್ಮವೂ ಮಾಸ್ತರರದೇ. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’, ‘ಕುರುಕ್ಷೇತ್ರ’ಗಳು ಹೀಗೆಯೇ ರೈತಾಪಿ ಜನರ ನಾಲಗೆಯ ಮೇಲೆ ಉಳಿದವು. ಸ್ತ್ರೀಪಾತ್ರಕ್ಕೆ ನಟಿಯರು ಹೊರಗಿನಿಂದ ಬರುತ್ತಾರೆ. ಸುಭದ್ರಮ್ಮ ಮನ್ಸೂರರಂತಹ ಮಹಾಕಲಾವಿದೆ ಬೆಳಗಿದುದು ಈ ಬಳ್ಳಾರಿಯ ರಂಗದಲ್ಲೇ. ಸೀನರಿ ಬಾಡಿಗೆಗೆ ಬರುತ್ತದೆ. ನಡುನಡುವೆ ನಾಟಕವನ್ನು ನಿಲ್ಲಿಸಿ, ಯಾರು ಯಾರಿಗೆ ಎಷ್ಟು ಆಹೇರಿ, ಎಂದರೆ ಮೆಚ್ಚುಗೆಯ ಉಡುಗೊರೆ, ಮಾಡಿದರೆಂದು ಮೈಕಿನಲ್ಲಿ ಕೂಗುತ್ತಾರೆ. ರಸಭಂಗವೆನ್ನುವವರು ಎನ್ನಲಿ, ಜನ ತಮ್ಮ ಮೆಚ್ಚಿನವನಿಗೆ ಮತ ಹಾಕುವ ಬಗೆ ಅದು.

ಇದಕ್ಕೂ ಹಿಂದಿನದು ಬಯಲಾಟ. ಅದರ ಒಂದು ಬಗೆಯಾದ ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿಗಳನ್ನು ಧರಿಸಿ ರಂಗಕ್ಕೆ ಹಾರಿಬರುವ ವೇಷವನ್ನು ಆಟ ನಡೆಸುವ ಸಾರಥಿಯು ಅಡ್ಡಗಟ್ಟಿ, ನೀನಾರು, ಎಲ್ಲಿಂದ ಬಂದೆ, ಬಂದ ಕಾರಣವೇನು ಎಂದು ಕೇಳಿ, ಕೆಣಕಿ, ನಗಿಸಿ, ಅವನ ಬಾಯಿಂದಲೇ ಅವನ ಪ್ರವರವನ್ನು ಹೊರಡಿಸುತ್ತಾನೆ. ಮೈಕು ಹಿಡಿದ ಇಂದಿನ ನಿರೂಪಕನು ಮಾಡುವುದೂ ಬೇರೇನಲ್ಲ. ಸಾರಥಿಯು ಬೆಳಗಿನವರೆಗೆ, ಬರೆದುಕೊಟ್ಟ ಚೀಟಿಯಿಲ್ಲದೆ ಮಾಡುತ್ತಾನೆ.

ಇದೇ ಸೀಮೆಯ ಕಲಾವಿದ ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಗಳ ಮೂಲಕ ರಾಮಾಯಣದ ಜೊತೆಗೆ ಸ್ವಾತಂತ್ರ್ಯಸಂಗ್ರಾಮವನ್ನೂ ಗಾಂಧೀಜಿಯವರ ಬದುಕನ್ನೂ ಬಿಳಿಯ ಪರದೆಯ ಮೇಲೆ ತಂದು, ಸಮೀಪದ ಇತಿಹಾಸವೂ ಗೊಂಬೆಯ ಕೈಗೆ ದಕ್ಕುವುದೆಂದು ತೋರಿಸಿದರು. 2023ರಲ್ಲಿ ರಸ್ತೆ ಅಪಘಾತದಲ್ಲಿ ಅವರು ಇಲ್ಲವಾದರು. ಅಂತಹವರ ಹೆಸರಾದರೂ ಉಳಿಯುತ್ತದೆ; ನಟನಿಗೆ ಪ್ರಶಸ್ತಿಯುಂಟು, ಕವಿಗೆ ಗ್ರಂಥವುಂಟು. ಊರೂರು ತಿರುಗಿ ಜನರಿಂದ ನಾಟಕವನ್ನು ತೆಗೆದ ಮಾಸ್ತರನಿಗೆ ಕರಪತ್ರದ ಮೂಲೆಯಲ್ಲೊಂದು ಸಾಲು, ಅದೂ ಪೋಷಕರ ಭಾವಚಿತ್ರಗಳ ಕೆಳಗೆ. ಮಕ್ಕಳು ಆ ಕಸುಬನ್ನು ಹಿಡಿಯಲೊಲ್ಲರೆಂದರೆ ಅವರನ್ನು ದೂರಲಾಗದು. ಜಾತ್ರೆಯ ರಾತ್ರಿ ಈಗ ಆರ್ಕೆಸ್ಟ್ರಾಕ್ಕೂ ಹೋಗುತ್ತದೆ, ಮಿಕ್ಕ ರಾತ್ರಿಗಳನ್ನು ಟಿ.ವಿ.ಯೂ ಮೊಬೈಲೂ ಹಂಚಿಕೊಂಡಿವೆ. ಆದರೂ ಮುಂದಿನ ಸುಗ್ಗಿಗೆ ನಾಟಕವಾಡಲಿರುವ ತರುಣರು ಕರಪತ್ರದಲ್ಲಿ ಮಾಸ್ತರರ ಹೆಸರನ್ನು, ಅವರ ಗುರುವಿನ ಹೆಸರಿನ ಸಹಿತ, ಮೇಲ್ಗಡೆಯಲ್ಲಿಯೇ ಅಚ್ಚುಹಾಕಿಸಲಿ. ಸಿರುಗುಪ್ಪ, ಕುರುಗೋಡಿನ ಯಾವ ಮನೆಯ ಅಟ್ಟದ ಮೇಲಾದರೂ ಹಳೆಯ ಕರಪತ್ರಗಳೋ, ಮಾಸ್ತರರ ಕೈಬರಹದ ನೋಟುಬುಕ್ಕುಗಳೋ ಇದ್ದರೆ, ಓದುಗರು ದಯವಿಟ್ಟು ಅವನ್ನು ರದ್ದಿಗೆ ಹಾಕಬಾರದು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಬಹಳ ದೂರವೇನಿಲ್ಲ, ಒಂದು ಪ್ರತಿಯನ್ನಾದರೂ ಅಲ್ಲಿಗೆ ಮುಟ್ಟಿಸಬೇಕು.