ಬುದ್ಧಿವಾದಕ್ಕೂ ಬಂಧನಕ್ಕೂ ನಡುವೆ

2008ರಲ್ಲಿ ಅಧಿಕಾರಿಯಾಗಿ ವಿಶೇಷ ಗೃಹವೊಂದಕ್ಕೆ ಭೇಟಿ ನೀಡಿದ್ದೆ. ಸೈಕಲ್ ಕದ್ದ ಬಾಲಕನೂ, ಜಗಳದಲ್ಲಿ ಕಲ್ಲೆಸೆದು ಇನ್ನೊಬ್ಬನ ಕಣ್ಣು ಕಳೆದವನೂ ಒಂದೇ ಕೊಠಡಿಯಲ್ಲಿದ್ದರು. ಯಾರಿಗೂ ಇದು ವಿಚಿತ್ರವೆನಿಸಿರಲಿಲ್ಲ. ನಿಜ ಹೇಳಬೇಕೆಂದರೆ, ಅಂದು ನನಗೂ.

ಆಗಿನ 2000ರ ಕಾಯ್ದೆಯಂತೆಯೇ 2015ರ ಬಾಲನ್ಯಾಯ ಕಾಯ್ದೆಯ 18ನೇ ಕಲಮು ಕೂಡ ಬಾಲನ್ಯಾಯ ಮಂಡಳಿಯ ಮುಂದೆ ಏಳು ದಾರಿಗಳನ್ನಿಟ್ಟಿದೆ: ಬುದ್ಧಿವಾದ ಹೇಳಿ ಮನೆಗೆ ಕಳುಹಿಸುವುದು, ಗುಂಪು ಸಮಾಲೋಚನೆ, ಸಮುದಾಯ ಸೇವೆ, ದಂಡ, ಪೋಷಕರ ಅಥವಾ ಯೋಗ್ಯ ಸಂಸ್ಥೆಯ ಸುಪರ್ದಿನಲ್ಲಿ ಸನ್ನಡತೆಯ ಮೇಲೆ ಬಿಡುಗಡೆ, ಕೊನೆಗೆ ಗರಿಷ್ಠ 3 ವರ್ಷ ವಿಶೇಷ ಗೃಹ. ಆದರೆ ನಮ್ಮ ಚರ್ಚೆಯೆಲ್ಲ ನಡೆದದ್ದು 16 ದಾಟಿದವರನ್ನು ಘೋರ ಅಪರಾಧಗಳಲ್ಲಿ ವಯಸ್ಕರಂತೆ ವಿಚಾರಣೆಗೊಳಪಡಿಸಲು ಎಡೆಗೊಡುವ ಕಲಮುಗಳ ಸುತ್ತಲೇ.

ನಡುವಣ ದಾರಿಗಳಿಗೆ ಕಟ್ಟಡ ಬೇಡ, ಮನುಷ್ಯರು ಬೇಕು: ಮನೆಗೆ ಹೋಗಿ ತಂದೆತಾಯಿಯರನ್ನು ಕಂಡು ವರದಿ ಬರೆಯುವ ಪರಿವೀಕ್ಷಣಾಧಿಕಾರಿ, ಹುಡುಗನನ್ನು ಹೀಯಾಳಿಸದೆ ಕೆಲಸ ಹಚ್ಚುವ ಗ್ರಂಥಾಲಯದವರು. ಆಯವ್ಯಯ ಮಂಡಿಸುವವರಿಗೆ ಕಟ್ಟಡವೇ ಪ್ರಿಯ. ಮನೆಭೇಟಿಗೆ ಶಂಕುಸ್ಥಾಪನೆ ಮಾಡಲಾಗದಲ್ಲ! ಅಂಥ ಅಧಿಕಾರಿಯಿಲ್ಲದ ಕಡೆ ಮಂಡಳಿಗೆ ಉಳಿಯುವುದು ಗದರಿ ಬಿಡುವುದು, ಇಲ್ಲವೇ ಒಳಗಿಡುವುದು.

ಸೈಕಲ್ ಕದ್ದವನನ್ನು ಮಾತನಾಡಿಸಿದೆ. ಶಾಲೆಯವರು ಹಾಜರಿ ಪುಸ್ತಕದಿಂದ ತನ್ನ ಹೆಸರು ಹೊಡೆದಿದ್ದಾರೆಯೇ ಎಂದು ಕೇಳಿದ. ವಿಚಾರಿಸಿ ಹೇಳುವೆನೆಂದೆ. ವಿಚಾರಿಸಲಿಲ್ಲ.