ಮುಟ್ಟದೆ ಬಿಡುವ ವಿದ್ಯೆ

ಜಾರಿ ಬಿದ್ದವರ ಸೊಂಟದ ಎಕ್ಸ್‌ರೇ ತೆಗೆದಾಗ ಹುಡುಕಿದ ಬಿರುಕು ಸಿಗದೆ, ತೊಡೆಮೂಳೆಯ ಕತ್ತಿನಲ್ಲಿ ಯಾರೂ ಹುಡುಕದ ಒಂದು ಕಪ್ಪು ಚುಕ್ಕೆ ಸಿಗುವುದುಂಟು. ಮನೆಯವರ ಮನಸ್ಸು ನೇರವಾಗಿ ಕ್ಯಾನ್ಸರ್‌ನತ್ತ ಓಡುತ್ತದೆ. ಪಳಗಿದ ರೇಡಿಯಾಲಜಿಸ್ಟ್ ಮಾತ್ರ ಒಂದೆರಡು ನಿಮಿಷ ದಿಟ್ಟಿಸಿ, ಇದಕ್ಕೆ ಸೂಜಿಯೂ ಬೇಡ, ಕತ್ತರಿಯೂ ಬೇಡ ಎಂದು ಬರೆದುಬಿಡುತ್ತಾರೆ. ಒಂದು ಚೂರನ್ನೂ ಹೊರತೆಗೆಯದೆ ಅಷ್ಟು ಧೈರ್ಯ ಎಲ್ಲಿಂದ ಬರುತ್ತದೆ?

ಗಡ್ಡೆಗಿಂತ ಹೆಚ್ಚಾಗಿ ಅದರ ಅಂಚನ್ನು ಓದುವುದರಿಂದ. ಮೂಳೆ ಜೀವಂತ ವಸ್ತು. ಒಳಗೆ ಏನಾದರೂ ನಿಧಾನವಾಗಿ ಬೆಳೆಯುತ್ತಿದ್ದರೆ, ಹೊಲದ ಸುತ್ತ ರೈತ ಬದು ಹಾಕುವಂತೆ, ಅದರ ಸುತ್ತ ಗಟ್ಟಿ ಗೋಡೆ ಕಟ್ಟಲು ಮೂಳೆಗೆ ಪುರಸೊತ್ತು ಸಿಗುತ್ತದೆ. ಎಕ್ಸ್‌ರೇಯಲ್ಲಿ ಅದು ತೆಳುವಾದ ಬಿಳಿ ಗೆರೆ. ಬೆಳವಣಿಗೆ ಬಿರುಸಾದರೆ ಗೆರೆ ಇರುವುದಿಲ್ಲ. ಇನ್ನೂ ಬಿರುಸಾದರೆ ರೋಗ ಎಲ್ಲಿ ಮುಗಿಯಿತು, ಒಳ್ಳೆಯ ಮೂಳೆ ಎಲ್ಲಿ ಶುರುವಾಯಿತು ಎಂಬುದೇ ತಿಳಿಯುವುದಿಲ್ಲ. ಅಮೆರಿಕದ ರೇಡಿಯಾಲಜಿಸ್ಟ್ ಗ್ವಿಲಿಮ್ ಲಾಡ್ವಿಕ್ ಈ ಅಂಚುಗಳನ್ನೇ ದರ್ಜೆಗಳಾಗಿ ಜೋಡಿಸಿಕೊಟ್ಟರು. ಆದರೆ ಅಂಚು ಹೇಳುವುದು ವೇಗವನ್ನಷ್ಟೆ, ರೋಗದ ಹೆಸರನ್ನಲ್ಲ. ಮೂಳೆಯ ಸೋಂಕು ಕ್ಯಾನ್ಸರ್‌ನಷ್ಟೇ ಭಯಂಕರವಾಗಿ ಕಾಣಬಲ್ಲದು. ಮೈಲೋಮಾ ಎಂಬ ಕ್ಯಾನ್ಸರ್ ಅಚ್ಚುಕಟ್ಟಾದ ತೂತು ಮಾಡಿಕೊಂಡು ಸಭ್ಯನಂತೆ ಕೂತಿರಬಲ್ಲದು.

ಅದಕ್ಕೇ ವಯಸ್ಸು ಕೇಳದೆ ಚಿತ್ರ ಓದಬಾರದು. ಹತ್ತು ವರ್ಷದ ಹುಡುಗನ ತೊಡೆಮೂಳೆಯ ಮೇಲ್ಭಾಗದಲ್ಲಿ ಅಂಚು ಸ್ಪಷ್ಟವಾದ ಖಾಲಿ ಜಾಗ ಕಂಡರೆ ಅದು ಬಹುಮಟ್ಟಿಗೆ ನೀರು ತುಂಬಿದ ಸಾದಾ ಸಿಸ್ಟ್. ಮುರಿದ ಮೂಳೆಯ ಚೂರೊಂದು ಅದರ ತಳಕ್ಕೆ ಬಿದ್ದಿದ್ದರಂತೂ ಒಳಗಿರುವುದು ದ್ರವವೇ ಎಂದು ಖಾತ್ರಿ. ಅಂಥದೇ ತೂತು ಅರವತ್ತು ದಾಟಿದವರಲ್ಲಿ ಕಂಡರೆ, ಬೇರೆ ಅಂಗದಿಂದ ಹರಡಿದ ಕ್ಯಾನ್ಸರ್ ಅಲ್ಲವೆಂದು ಮೊದಲು ನೋಡಿಕೊಳ್ಳಬೇಕು. ಜಾಗದ ಲೆಕ್ಕವೂ ಇದೆ. ಹರೆಯದವರಲ್ಲಿ ಬರುವ ಕಾಂಡ್ರೊಬ್ಲಾಸ್ಟೊಮಾ ಮೂಳೆಯ ತುದಿಯಲ್ಲೇ ನೆಲೆಸುವಂಥದು. ಸೊಂಟದ ಪಕ್ಕದಲ್ಲಿ ಕೈಗೆ ತಗಲುವ ಉಬ್ಬು, ಗ್ರೇಟರ್ ಟ್ರೊಕ್ಯಾಂಟರ್, ತುದಿಯಂತೆ ಕಾಣದಿದ್ದರೂ ಬೆಳೆಯುವ ಕಾಲದಲ್ಲಿ ಅದೂ ಬೇರೆಯೇ ಕೇಂದ್ರವಾಗಿ ಗಟ್ಟಿಯಾಗುತ್ತದೆ. ಹಾಗಾಗಿ ತುದಿಯ ಗಡ್ಡೆಗಳು ಅಲ್ಲೂ ಬರುತ್ತವೆ.

ಟೆಕ್ನೀಷಿಯನ್ನರ ಕೈಚಳಕವನ್ನು ಯಾರೂ ಹೊಗಳುವುದಿಲ್ಲ. ರೋಗಿಯ ಪಾದಗಳನ್ನು ಸುಮಾರು 15 ಡಿಗ್ರಿ ಒಳಕ್ಕೆ ತಿರುಗಿಸದಿದ್ದರೆ ಆ ಉಬ್ಬಿನ ನೆರಳು ಕತ್ತಿನ ಮೇಲೆ ಬಿದ್ದು, ನೋಡಬೇಕಾದುದೇ ಮುಚ್ಚಿಹೋಗುತ್ತದೆ.

ಕತ್ತಿನ ಆ ಚುಕ್ಕೆ ಮುಂಭಾಗದ ಮೇಲ್ಬದಿಯಲ್ಲಿ, ಒಂದು ಸೆಂಟಿಮೀಟರಿಗಿಂತ ಚಿಕ್ಕದಾಗಿ, ಬಿಳಿ ಗೆರೆಯೊಳಗೆ ಇದ್ದರೆ ಅದು ಹರ್ನಿಯೇಷನ್ ಪಿಟ್ ಎಂಬ ನಿರುಪದ್ರವಿ ಗುಳಿ. ಮೈಕೇಲ್ ಪಿಟ್ ಮತ್ತು ಸಂಗಡಿಗರು 1982ರಲ್ಲಿ ಅದನ್ನು ವಿವರಿಸಿದ ಮೇಲೆ ಅದರ ಗಾಬರಿ ಇಳಿಯಿತು.

ನನ್ನ ಮಟ್ಟಿಗೆ ಈ ಕಸುಬಿನ ನಿಜವಾದ ಪರೀಕ್ಷೆ ಆಸ್ಟಿಯಾಯ್ಡ್ ಆಸ್ಟಿಯೋಮಾ. 1935ರಲ್ಲಿ ಹೆನ್ರಿ ಜಾಫೆ ಇದನ್ನು ಪ್ರತ್ಯೇಕ ಗಡ್ಡೆಯೆಂದು ಗುರುತಿಸಿದರು. ಗಾತ್ರ ಸಾಮಾನ್ಯವಾಗಿ ಒಂದೂವರೆ ಸೆಂಟಿಮೀಟರಿಗಿಂತ ಕಡಿಮೆ. ಕಾಟ ಮಾತ್ರ ಅಪಾರ. ಅದು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ಉತ್ಪಾದಿಸುವುದರಿಂದ ರಾತ್ರಿಯಿಡೀ ನೋವು, ಆಸ್ಪಿರಿನ್‌ನಂಥ ಮಾತ್ರೆ ನುಂಗಿದರೆ ಶಮನ. ಬೇರೆ ಮೂಳೆಯಲ್ಲಾದರೆ ಸುತ್ತ ದಪ್ಪ ಬಿಳಿ ಗೋಡೆ ಎದ್ದು ತಾನಾಗಿ ಸಿಕ್ಕಿಬೀಳುತ್ತದೆ. ಸೊಂಟದ ಕೀಲಿನ ಚೀಲದೊಳಗೆ ಹುಟ್ಟಿದರೆ ಆ ಗೋಡೆ ಅಷ್ಟಾಗಿ ಏಳುವುದಿಲ್ಲ; ಬದಲಿಗೆ ಕೀಲು ಊದಿ ನೀರು ತುಂಬುತ್ತದೆ. ಇಂಥ ಗಡ್ಡೆಯಿರುವ ಹುಡುಗ ಕುಂಟುತ್ತಾನೆ, ಕೆಲವೊಮ್ಮೆ ನೋವು ಮಂಡಿಯಲ್ಲಿ ಎನ್ನುತ್ತಾನೆ, ಸಂಧಿವಾತದ ಔಷಧಿ ಶುರುವಾಗುತ್ತದೆ. ಎಂಆರ್‌ಐ ಮಾಡಿಸಿದರೆ ಊತವೇ ಎದ್ದು ಕಂಡು, ಅದರ ಬೆಳಕಿನಲ್ಲಿ ಗಡ್ಡೆ ಕಣ್ತಪ್ಪಬಹುದು. ಇಲ್ಲಿ ಗೆಲ್ಲುವುದು ತೆಳುವಾದ ಪದರಗಳ ಸಿಟಿ ಸ್ಕ್ಯಾನ್: ಪುಟ್ಟ ಕಪ್ಪು ವೃತ್ತ, ಎಷ್ಟೋ ಸಲ ನಡುವೆ ಒಂದು ಬಿಳಿ ಕಣ. ಅದೇ ಸಿಟಿಯ ಆಸರೆಯಲ್ಲಿ ಸೂಜಿ ಇಳಿಸಿ ರೇಡಿಯೋ ತರಂಗಗಳ ಶಾಖದಿಂದ ಅದನ್ನು ಸುಡಬಹುದು. ಹೆಚ್ಚಿನವರಲ್ಲಿ ನೋವು ಕೆಲವೇ ದಿನಗಳಲ್ಲಿ ಹೋಗುತ್ತದೆ.

ಸಿಟಿಗೆ ಸಾಂದ್ರತೆ ಅಳೆಯುವ ಶಕ್ತಿಯೂ ಇದೆ. ಬೋನ್ ಐಲ್ಯಾಂಡ್ ಎಂಬ ನಿರುಪದ್ರವಿ ಬಿಳಿ ಗಂಟು ಹರಡಿದ ಕ್ಯಾನ್ಸರ್‌ನಂತೆಯೇ ಕಂಡು ಕಾಡುತ್ತದೆ. ಸರಾಸರಿ ಸಾಂದ್ರತೆ 885 ಹೌನ್ಸ್‌ಫೀಲ್ಡ್ ಯೂನಿಟ್ ದಾಟಿದರೆ ಅದು ಬೋನ್ ಐಲ್ಯಾಂಡ್ ಆಗಿರುವ ಸಂಭವ ಹೆಚ್ಚೆಂದು 2016ರ ಅಧ್ಯಯನವೊಂದು ತೋರಿಸಿತು. ಅದಾಗಲೇ ಚಿಕಿತ್ಸೆ ಪಡೆದ ಕ್ಯಾನ್ಸರ್ ಗಂಟೂ ಗಟ್ಟಿಯಾಗುವುದುಂಟು. ಹಾಗಾಗಿ ಸಂಖ್ಯೆಯೊಂದನ್ನೇ ನಂಬುವಂತಿಲ್ಲ.

ಎಂಆರ್‌ಐ ಅನುಮಾನ ಹುಟ್ಟಿಸುವುದೂ ಉಂಟು, ಪರಿಹರಿಸುವುದೂ ಉಂಟು. ರಕ್ತ ತಯಾರಿಸುವ ಕೆಂಪು ಮಜ್ಜೆ ಅಲ್ಲಲ್ಲಿ ಗುಂಪುಗುಂಪಾಗಿ ಉಳಿದು ಗಡ್ಡೆಯಂತೆ ಕಾಣುತ್ತದೆ. ಆಗ ನೀರಿನ ಸಿಗ್ನಲ್ ಮತ್ತು ಕೊಬ್ಬಿನ ಸಿಗ್ನಲ್ ಒಂದನ್ನೊಂದು ಅಳಿಸುವ ಕ್ಷಣ ನೋಡಿ ಇನ್ನೊಂದು ಚಿತ್ರ ತೆಗೆಯುತ್ತಾರೆ. ಹೊಳಪು 20%ಕ್ಕಿಂತ ಹೆಚ್ಚು ಕುಸಿದರೆ ಒಳಗೆ ಕೊಬ್ಬು ಉಳಿದಿದೆ ಎಂದರ್ಥ; ಕ್ಯಾನ್ಸರ್ ಆಗಿದ್ದರೆ ಸಾಮಾನ್ಯವಾಗಿ ಆ ಕೊಬ್ಬನ್ನು ಹೊರದಬ್ಬಿರುತ್ತಿತ್ತು. ಎಷ್ಟು ಸೊಗಸಾದ ಉಪಾಯ!

ಪೆಲ್ವಿಸ್‌ನ ಮೃದ್ವಸ್ಥಿ ಗಡ್ಡೆಗಳ ಮುಂದೆ ಮಾತ್ರ ನುರಿತವರೂ ತಡೆದು ನಿಲ್ಲುತ್ತಾರೆ. ಕೈಬೆರಳಿನಲ್ಲಿ ಅಂಥ ಗಡ್ಡೆ ಬಹುಪಾಲು ನಿರುಪದ್ರವಿ. ಪೆಲ್ವಿಸ್‌ನಲ್ಲಿ ಆ ಭರವಸೆ ಇಲ್ಲ. ಆಗ ವರದಿಯಲ್ಲಿ ಬಯಾಪ್ಸಿಗೆ ಮುನ್ನ ಮೂಳೆ ಗಡ್ಡೆಗಳ ತಜ್ಞರಿಗೆ ತೋರಿಸಿ ಎಂದು ಬರೆಯುತ್ತಾರೆ. ಸೂಜಿ ಹೋದ ದಾರಿಯಲ್ಲೂ ಕ್ಯಾನ್ಸರ್ ಕಣ ಉಳಿದಿರಬಹುದು. ಆ ದಾರಿಯನ್ನೂ ಗಡ್ಡೆಯ ಜತೆಗೇ ಕೊಯ್ದು ತೆಗೆಯಬೇಕಾದೀತು. ಹಾಗಾಗಿ ಸೂಜಿ ಎಲ್ಲಿ ಚುಚ್ಚಬೇಕೆಂದು ತೀರ್ಮಾನಿಸುವವರು ಮುಂದೆ ಆಪರೇಷನ್ ಮಾಡುವ ಸರ್ಜನ್ನರೇ.